ಟಿವಿಯ ಸದ್ದು ಹೆಚ್ಚಿಸಿದರೆ ಸಾಲದು, ಅಕ್ಷರವೂ ಬೇಕು

ಕಿವಿ ಮಂದವಾದ ಹಿರಿಯರಿರುವ ನಮ್ಮ ಮನೆಗಳಲ್ಲಿ ರಿಮೋಟಿನ ಜಗಳ ಮಾಮೂಲಿ. ಉಪ್ಪ ಸದ್ದು ಏರಿಸ್ತಾರೆ, ಪರೀಕ್ಷೆಗೆ ಓದುವ ಮಕ್ಕಳು ಇಳಿಸ್ತಾರೆ. ಕೊನೆಗೆ ‘ಏನಂತೆ?’ ಎಂದು ಕೇಳುವುದನ್ನೇ ಉಪ್ಪ ಬಿಟ್ಟುಬಿಡುತ್ತಾರೆ.

ಇದು ಬರೀ ವಯಸ್ಸಾದವರ ಸಮಸ್ಯೆಯಲ್ಲ. ತುಮಕೂರಿನ ಅಂತರಸನಹಳ್ಳಿಯಂಥ ಕೈಗಾರಿಕಾ ಪ್ರದೇಶಗಳಲ್ಲಿ ರಕ್ಷಣೆಯಿಲ್ಲದೆ ವರ್ಷಗಟ್ಟಲೆ ಯಂತ್ರದ ಸದ್ದಿನ ನಡುವೆ ದುಡಿದರೆ ಕಿವಿ ಬೇಗನೆ ಸೋಲಬಹುದು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಶ್ರವಣದೋಷ ಇರುವವರು 50 ಲಕ್ಷಕ್ಕೂ ಹೆಚ್ಚು.

ಪರದೆಯ ಅಡಿಯಲ್ಲಿ ಓಡುವ ಸುದ್ದಿಪಟ್ಟಿಯನ್ನೇ ಕ್ಯಾಪ್ಷನ್ ಎಂದು ಹಲವರು ತಿಳಿದಿದ್ದಾರೆ. ಅದಲ್ಲ. ಆಡಿದ ಮಾತು ಅದೇ ಹೊತ್ತಿಗೆ ಅಕ್ಷರವಾಗಿ ಬರಬೇಕು, ಯಾರು ಮಾತನಾಡಿದರೆಂದು ತಿಳಿಯಬೇಕು, ಬಾಗಿಲು ಬಡಿದ ಸದ್ದು, ಅಳುವಿನ ದನಿಯೂ ಕಾಣಬೇಕು. ಬೇಡದವರು ಅದನ್ನು ಆಫ್ ಮಾಡಿಕೊಳ್ಳಬಹುದು. ಹುಟ್ಟಿನಿಂದಲೇ ಕಿವಿ ಕೇಳಿಸದ ಅನೇಕರಿಗೆ ಸಂಕೇತ ಭಾಷೆ ಹತ್ತಿರ. ಆದರೆ ನಡುವಯಸ್ಸಿನಲ್ಲಿ ಶ್ರವಣಶಕ್ತಿ ಕುಂದಿದವರಿಗೆ ಸಂಕೇತ ಭಾಷೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಮನೆಯಲ್ಲಿ ಬ್ಯಾರಿ ಬಾಸೆ ಆಡಿದರೂ ಶಾಲೆಯಲ್ಲಿ ಕಲಿತ ಕನ್ನಡ ಅಕ್ಷರವೇ ಅವರಿಗೆ ಆಸರೆ.

ಇದು ಯಾರೋ ಕೊಡುವ ಔದಾರ್ಯವಲ್ಲ. ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ 42ನೇ ಕಲಂನಲ್ಲೇ ಕ್ಯಾಪ್ಷನ್, ಸಂಕೇತ ಭಾಷೆಯ ಮಾತಿದೆ. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಟಿವಿ ವಾಹಿನಿಗಳಿಗೆ ಮಾನದಂಡವನ್ನೂ ಹೊರಡಿಸಿತು. ಆದರೆ ನೇರಪ್ರಸಾರದ ಸುದ್ದಿ, ಚರ್ಚೆ, ಕ್ರೀಡೆ, ಜಾಹೀರಾತಿಗೆ ವಿನಾಯಿತಿ ಕೊಟ್ಟಿತು. ಪ್ರೇಕ್ಷಕರ ಪಾಲು ಶೇ. 1ಕ್ಕಿಂತ ಕಡಿಮೆ ಇರುವ ವಾಹಿನಿಗಳಿಗೂ ರಿಯಾಯಿತಿ ಸಿಕ್ಕಿತು.

ನಮ್ಮ ತಕರಾರು ಇಲ್ಲಿಯೇ. ಧಾರಾವಾಹಿಯ ಒಂದು ಸಂಭಾಷಣೆ ತಪ್ಪಿದರೆ ಹೋಗಲಿ ಅನ್ನಬಹುದು. ಕರಾವಳಿಗೆ ರೆಡ್ ಅಲರ್ಟ್ ಘೋಷಣೆಯಾದ ರಾತ್ರಿ ನೇರಪ್ರಸಾರದ ಸುದ್ದಿ ಅರ್ಥವಾಗದಿದ್ದರೆ ಜೀವಕ್ಕೇ ಅಪಾಯ. ಎಲ್ಲಕ್ಕಿಂತ ಮೊದಲು ಅಕ್ಷರ ಬೇಕಾದ ಜಾಗಕ್ಕೇ ವಿನಾಯಿತಿ ಕೊಟ್ಟರೆ ಹೇಗೆ?

ನಾವು ಮಾಡಬಹುದಾದದ್ದೂ ಇದೆ. ಟಿವಿಯ ಸೆಟ್ಟಿಂಗ್ಸ್‌ನಲ್ಲಿ ‘ಸಬ್‌ಟೈಟಲ್’ ಆಯ್ಕೆ ಇದೆಯೇ ನೋಡಿ, ಹಿರಿಯರಿಗೆ ಆನ್ ಮಾಡಿಕೊಡಿ. ಮೆಚ್ಚಿನ ಕಾರ್ಯಕ್ರಮಕ್ಕೆ ಕನ್ನಡ ಕ್ಯಾಪ್ಷನ್ ಇಲ್ಲದಿದ್ದರೆ ವಾಹಿನಿಗೆ ಬರೆಯಿರಿ. ಕೇಳದಿದ್ದರೆ ರಾಜ್ಯ ವಿಕಲಚೇತನರ ಆಯುಕ್ತರಿಗೆ ದೂರು ಕೊಡಬಹುದು. ಒಂದು ಮನೆಯ ಪತ್ರ ಮೂಲೆಗೆ ಬೀಳಬಹುದು. ಊರಿನ ನೂರು ಮನೆಗಳಿಂದ ಹೋದರೆ ಅಷ್ಟು ಸುಲಭವಾಗಿ ಬೀಳಲ್ಲ.