ಮಾನವಶಾಸ್ತ್ರ ಮತ್ತು ಸಮಾಜಶಾಸ್ತ್ರ ವ್ಯಾಸಂಗ

ಮಾನವಶಾಸ್ತ್ರ ಮತ್ತು ಸಮಾಜಶಾಸ್ತ್ರಗಳು ಮಾನವ ಸಮುದಾಯಗಳನ್ನು ಅಧ್ಯಯನ ಮಾಡುವ ಪರಸ್ಪರ ಸಂಬಂಧವುಳ್ಳ ಶಾಸ್ತ್ರಗಳು. ಮಾನವಶಾಸ್ತ್ರವು ಮನುಷ್ಯನ ದೈಹಿಕ ವಿಕಾಸ, ಪ್ರಾಗಿತಿಹಾಸ ಮತ್ತು ಸಂಸ್ಕೃತಿಗಳನ್ನು ಒಳಗೊಳ್ಳುತ್ತದೆ. ಸಮಾಜಶಾಸ್ತ್ರವು ಕುಟುಂಬ, ಜಾತಿ, ವರ್ಗ ಮೊದಲಾದ ಸಾಮಾಜಿಕ ವ್ಯವಸ್ಥೆಗಳನ್ನೂ ಅವುಗಳ ಪರಿವರ್ತನೆಯನ್ನೂ ವಿವೇಚಿಸುತ್ತದೆ.

ಕರ್ನಾಟಕದಲ್ಲಿ ಅಧ್ಯಯನ ಪರಂಪರೆ

ಮೈಸೂರಿನಲ್ಲಿ ಜನಿಸಿದ ಎಂ. ಎನ್. ಶ್ರೀನಿವಾಸ್ (೧೯೧೬–೧೯೯೯) ೧೯೪೮ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ ಕ್ಷೇತ್ರಕಾರ್ಯ ನಡೆಸಿದರು. ತಮ್ಮ ಬರಹಗಳಲ್ಲಿ ಆ ಹಳ್ಳಿಯನ್ನು 'ರಾಂಪುರ' ಎಂದು ಕರೆದರು. 'ಸಂಸ್ಕೃತೀಕರಣ' ಮತ್ತು 'ಪ್ರಬಲ ಜಾತಿ' ಎಂಬ ಪರಿಕಲ್ಪನೆಗಳು ಅವರ ಕೊಡುಗೆ. ೧೯೫೦ರ ದಶಕದಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ ಮಂಡ್ಯ ಭಾಗದ ಎರಡು ಹಳ್ಳಿಗಳನ್ನು ಹೋಲಿಸಿದರು. ಕಾಲುವೆ ನೀರು ಪಡೆದ ಹಳ್ಳಿ ಕೃಷಿಯಲ್ಲೇ ಉಳಿದು, ಅಲ್ಲಿನ ಹಳೆಯ ಸಾಮಾಜಿಕ ಸಂಬಂಧಗಳು ಬಹುಮಟ್ಟಿಗೆ ಮುಂದುವರಿದವು. ನೀರು ದೊರೆಯದ ಹಳ್ಳಿಯ ಜನ ಹೊರಗಿನ ಉದ್ಯೋಗ, ವ್ಯಾಪಾರಗಳತ್ತ ತಿರುಗಿದ್ದರಿಂದ ಅಲ್ಲಿ ಹೆಚ್ಚಿನ ಬದಲಾವಣೆ ಕಂಡುಬಂದಿತು.

ನಾರಾಯಣಪುರದ ನಿದರ್ಶನ

ಯಾದಗಿರಿ ಜಿಲ್ಲೆಯ ನಾರಾಯಣಪುರದಲ್ಲಿ ಕೃಷ್ಣಾ ನದಿಗೆ ಕಟ್ಟಿದ ಬಸವಸಾಗರ ಜಲಾಶಯವು ಇದೇ ಬಗೆಯ ಪ್ರಶ್ನೆಗಳನ್ನು ಮುಂದಿಡುತ್ತದೆ. ಮುಳುಗಡೆಯಿಂದ ಸ್ಥಳಾಂತರಗೊಂಡವರ ಬಂಧುತ್ವ ಮತ್ತು ಜೀವನೋಪಾಯ, ಕಾಲುವೆಯ ಮೇಲ್ಭಾಗ ಹಾಗೂ ಕೊನೆಯಂಚಿನ ರೈತರ ನಡುವಿನ ಅಂತರ, ಒಣಭೂಮಿಯ ಕುಟುಂಬಗಳ ಗುಳೆ ಇವು ಸಂಶೋಧನೆಗೆ ತಕ್ಕ ವಿಷಯಗಳು. ಎಕರೆ ಮತ್ತು ಪರಿಹಾರದ ಲೆಕ್ಕದಲ್ಲಿ ಕಾಣದ ನಷ್ಟಗಳನ್ನು ದಾಖಲಿಸುವುದು ಇಂತಹ ಅಧ್ಯಯನದ ಮುಖ್ಯ ಪ್ರಯೋಜನ. ಇದೇ ಭಾಗದ ಹುಣಸಗಿ–ಬೈಚಬಾಳ ಕಣಿವೆಗಳಲ್ಲಿ ಕೆ. ಪದ್ದಯ್ಯ ಅವರು ಆದಿಮಾನವರ ಶಿಲಾಯುಧಗಳ ನೆಲೆಗಳನ್ನು ವಿಸ್ತಾರವಾಗಿ ಶೋಧಿಸಿದ್ದಾರೆ.

ವ್ಯಾಸಂಗ

ಸಮಾಜಶಾಸ್ತ್ರವನ್ನು ಪಿಯುಸಿ ಕಲಾ ವಿಭಾಗದಿಂದಲೇ ಕಲಿಯಬಹುದು. ಕಲಬುರಗಿಯ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಇದರ ಸ್ನಾತಕೋತ್ತರ ವಿಭಾಗವಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಮತ್ತು ಮೈಸೂರು ವಿಶ್ವವಿದ್ಯಾಲಯಗಳಲ್ಲಿ ಮಾನವಶಾಸ್ತ್ರ ಬೋಧನೆಯಿದೆ. ಸಿದ್ಧಾಂತಗಳ ಜೊತೆಗೆ ಸಹಭಾಗಿ ಅವಲೋಕನ, ಸಂದರ್ಶನ, ವಂಶಾವಳಿ ಸಂಗ್ರಹ ಮತ್ತು ಸಂಖ್ಯಾಶಾಸ್ತ್ರವನ್ನು ವಿದ್ಯಾರ್ಥಿಗಳು ಅಭ್ಯಸಿಸುತ್ತಾರೆ.

ಉದ್ಯೋಗಾವಕಾಶಗಳು

ಈ ಪದವಿಗಳು ಒಂದೇ ನಿಶ್ಚಿತ ವೃತ್ತಿಗೆ ಒಯ್ಯುವುದಿಲ್ಲ. ಸಂಶೋಧನಾ ಕೌಶಲ ಮತ್ತು ಸ್ಥಳೀಯ ಭಾಷಾಜ್ಞಾನಕ್ಕೆ ಹೆಚ್ಚಿನ ಬೆಲೆಯಿದೆ. ಪ್ರಮುಖ ಕ್ಷೇತ್ರಗಳು ಹೀಗಿವೆ:

* ಬೋಧನೆ: ಸ್ನಾತಕೋತ್ತರ ಪದವಿಯ ನಂತರ ಎನ್‌ಇಟಿ ಅಥವಾ ಕೆ-ಸೆಟ್ ಮೂಲಕ ಕಾಲೇಜು ಅಧ್ಯಾಪನ.
* ಸಂಶೋಧನೆ: ೧೯೪೫ರಲ್ಲಿ ಸ್ಥಾಪನೆಯಾದ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆ (ಇದರ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲಿದೆ), ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ.
* ಆಡಳಿತ: ಕೇಂದ್ರ ನಾಗರಿಕ ಸೇವಾ ಮುಖ್ಯ ಪರೀಕ್ಷೆಯಲ್ಲಿ ಇವೆರಡೂ ಐಚ್ಛಿಕ ವಿಷಯಗಳು.
* ಸಾಮಾಜಿಕ ಪರಿಣಾಮ ಅಧ್ಯಯನ: ೨೦೧೩ರ ಭೂಸ್ವಾಧೀನ ಕಾಯ್ದೆಯು ಇದನ್ನು ಸ್ವಾಧೀನ ಪ್ರಕ್ರಿಯೆಯ ಭಾಗವಾಗಿಸಿದೆ.
* ಇತರ: ವಸ್ತುಸಂಗ್ರಹಾಲಯ, ಸಾರ್ವಜನಿಕ ಆರೋಗ್ಯ, ಪತ್ರಿಕೋದ್ಯಮ ಮತ್ತು ಸ್ವಯಂಸೇವಾ ಸಂಸ್ಥೆಗಳು.