ಕಾಯಲಾಗದ ಕಣ್ಣು

ದಾವಣಗೆರೆಯ ಪಿ.ಜೆ. ಬಡಾವಣೆ. ಕಣ್ಣಿನ ಡಾಕ್ಟರ ಬಾಗಿಲಲ್ಲಿ ಬೆಳಿಗ್ಗೆಯೇ ಚಪ್ಪಲಿಗಳ ರಾಶಿ. ಒಳಗೆ ಬೆಂಚಿನುದ್ದಕ್ಕೂ ಜನ ಕಣ್ಣು ಮುಚ್ಚಿ ಕೂತಿದ್ದಾರೆ. ನರ್ಸಮ್ಮ ಒಬ್ಬೊಬ್ಬರ ರೆಪ್ಪೆ ಬಿಡಿಸಿ ಡ್ರಾಪ್ಸ್ ಹಾಕುತ್ತಾ ಬರುತ್ತಾರೆ. ಕೆನ್ನೆಗಿಳಿದದ್ದನ್ನು ಸೆರಗಿಗೋ ಟವೆಲ್ಲಿಗೋ ಒರೆಸಿಕೊಂಡು ಮತ್ತೆ ಕಾಯುವುದು. ಪಾಪೆ ಅಗಲವಾಗದೆ ಒಳಗಿನ ಪರದೆ ಕಾಣದು.

ಹರಿಹರದಿಂದ ಬಂದ ಹಿರಿಯರು ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತ್ ಕಟ್ಟಿದವರು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾದರೂ ಮಾತು ಅಲ್ಲಿಯದೇ. "ಮೊನ್ನೆ ರಾತ್ರಿ ಕಣ್ಣಿನ ಮೂಲ್ಯಾಗ ವೆಲ್ಡಿಂಗ್ ಕಿಡಿ ಹಾರಿದಂಗಾತ್ರಿ. ಬೆಳಿಗ್ಗೆ ಎದ್ರೆ ಬರೀ ಕರೀ ಚುಕ್ಕಿ." ನೋವಿಲ್ಲ, ಕೆಂಪಿಲ್ಲ. ಆದರೂ ಮರುದಿನವೇ ಬಸ್ಸು ಹತ್ತಿದರಲ್ಲ, ಅದು ದೊಡ್ಡದು.

ವಯಸ್ಸಾದಂತೆ ಕಣ್ಣೊಳಗಿನ ತಿಳಿ ಲೋಳೆ ನೀರಾಗಿ ಕುಗ್ಗಿ, ಹಿಂದಿನ ಪರದೆಯಾದ ರೆಟಿನಾದಿಂದ ಬಿಟ್ಟುಕೊಳ್ಳುತ್ತದೆ. ಹೆಚ್ಚಿನವರಿಗೆ ಅದರಿಂದ ತೊಂದರೆಯಿಲ್ಲ. ಕೆಲವರಲ್ಲಿ ಮಾತ್ರ ಅಂಟಿಕೊಂಡ ಕಡೆ ಜಗ್ಗಿ ರೆಟಿನಾ ಹರಿಯುತ್ತದೆ. ಹರುಕಿನೊಳಗೆ ನೀರು ನುಗ್ಗಿದರೆ ಪದರವೇ ಮೇಲೇಳುತ್ತದೆ. ಮೈನಸ್ ನಂಬರಿನ ದಪ್ಪ ಕನ್ನಡಕದವರಿಗೆ, ಕಣ್ಣಿಗೆ ಪೆಟ್ಟು ಬಿದ್ದವರಿಗೆ, ಪೊರೆ ತೆಗೆಸಿಕೊಂಡವರಿಗೆ ಈ ಭಯ ಹೆಚ್ಚು.

ಹಿರಿಯರ ಕಣ್ಣಲ್ಲೂ ಅಂಥದೇ ಹರುಕು. ಲೇಸರ್ ಕೋಣೆಯಲ್ಲಿ ಮಬ್ಬು ಬೆಳಕು. "ಗದ್ದ ಇಲ್ಲಿಡ್ರಿ ಯಜಮಾನ್ರೇ, ಹಣೆ ಪಟ್ಟಿಗೆ ತಾಗಸ್ರಿ. ಅಲ್ಲಾಡಬ್ಯಾಡ್ರಿ." ಮರಗಟ್ಟಿಸುವ ಹನಿ ಬಿದ್ದ ಕಣ್ಣಿನ ಮೇಲೆ ಡಾಕ್ಟರು ಜೆಲ್ ಹಚ್ಚಿದ ಮಸೂರವೊಂದನ್ನು ಕೂರಿಸಿ, ಕಾಲಿನ ಪೆಡಲ್ ಒತ್ತುತ್ತಾರೆ. ಹಸಿರು ಮಿಂಚು. ಮತ್ತೆ ಹಸಿರು. ಹರುಕಿನ ಸುತ್ತ ಎರಡು ಮೂರು ಸಾಲು ಬಿಳಿ ಚುಕ್ಕಿ ಏಳುತ್ತವೆ. ಒಂದೊಂದು ಚುಕ್ಕಿಯೂ ಸಣ್ಣ ಸುಟ್ಟ ಗಾಯ. ವಾಸಿಯಾಗುತ್ತಾ ರೆಟಿನಾವನ್ನು ಹಿಂದಿನ ಪದರಕ್ಕೆ ಬಿಗಿಯುತ್ತದೆ. ಹಿರಿಯರು ಒಮ್ಮೆ ಹಲ್ಲು ಕಚ್ಚಿದರು, ಅಷ್ಟೇ. ಸ್ವಲ್ಪ ಹೊತ್ತಿನಲ್ಲಿ ಕೆಲಸ ಮುಗಿಯಿತು. ಆದರೆ ಆ ಬಿಗಿ ಗಟ್ಟಿಯಾಗಲು ಹತ್ತು ಹದಿನೈದು ದಿನ ಬೇಕು. ಅಲ್ಲಿಯವರೆಗೆ ಭಾರ ಎತ್ತುವಂತಿಲ್ಲ.

ಈ ವಿದ್ಯೆಯ ಬೇರು ಬಿಸಿಲಿನಲ್ಲಿದೆ. 1945ರ ಸೂರ್ಯಗ್ರಹಣವನ್ನು ಬರಿಗಣ್ಣಲ್ಲಿ ನೋಡಿ ರೆಟಿನಾ ಸುಟ್ಟುಕೊಂಡವರನ್ನು ಪರೀಕ್ಷಿಸಿದ ಜರ್ಮನಿಯ ಮೇಯರ್-ಶ್ವಿಕರಾಟ್ ಎಂಬ ವೈದ್ಯರು, ಸುಡುವ ಬೆಳಕಿನಿಂದಲೇ ಹರುಕು ಮುಚ್ಚಬಹುದಲ್ಲ ಎಂದು ಯೋಚಿಸಿದರು. ಮೊದಲು ಸೂರ್ಯನ ಬೆಳಕನ್ನೇ ಬಳಸಿದರು. ಲೇಸರ್ ಬಂದದ್ದು ಆಮೇಲೆ.

ನಮ್ಮ ಸೀಮೆಯಲ್ಲಿ ಕಣ್ಣಿನ ಆಪರೇಷನ್ ಅಂದರೆ ಪೊರೆ. ಡಾ. ಎಂ.ಸಿ. ಮೋದಿ ಊರೂರಲ್ಲಿ ಶಿಬಿರ ಹೂಡಿ ಲಕ್ಷಾಂತರ ಜನರಿಗೆ ದೃಷ್ಟಿ ಕೊಟ್ಟ ನಾಡು ಇದು. ಪೊರೆ ಬಲಿಯಲಿ, ಸುಗ್ಗಿ ಮುಗಿಯಲಿ ಎಂದು ಕಾಯುವುದು ಮನೆಮನೆಯ ರೂಢಿ. ಅದೇ ರೂಢಿ ರೆಟಿನಾಕ್ಕೆ ಮುಳುವಾಗುತ್ತಿದೆ ಎಂಬುದು ನನ್ನ ಸಂಕಟ.

ಮುಂದಿನ ಸರದಿ ಮಗನ ಕೈಹಿಡಿದು ಬಂದ ತಾಯಿಯದು. ಒಂದು ಪಕ್ಕದಿಂದ ಕಪ್ಪು ಪರದೆ ಇಳಿಯುತ್ತಿದೆ, ಪೊರೆ ಇರಬೇಕು ಅಂತ ಸುಮ್ಮನಿದ್ದರಂತೆ. ಪದರ ಆಗಲೇ ಎದ್ದಿತ್ತು. ಬರೀ ಲೇಸರ್ ಸಾಲದು. ಕಣ್ಣೊಳಗಿನ ಲೋಳೆ ತೆಗೆದು, ಗ್ಯಾಸ್ ಅಥವಾ ಸಿಲಿಕೋನ್ ಎಣ್ಣೆ ತುಂಬಿ ಪದರವನ್ನು ಒತ್ತಿ ಕೂರಿಸಬೇಕು. ದೃಷ್ಟಿಯ ನಡುಭಾಗ ಮಾತ್ರ ಇನ್ನೂ ಅಂಟಿಕೊಂಡಿತ್ತು.

"ಬರೋ ಸೋಮವಾರ ಬಂದ್ರೆ ನಡೀತದೇನ್ರಿ?"

"ಇಲ್ಲಮ್ಮ, ಇವತ್ತೇ ಅಡ್ಮಿಟ್ ಆಗ್ರಿ," ಎನ್ನುತ್ತಾ ಡಾಕ್ಟರು ಚೀಟಿ ಬರೆದು ಮಗನ ಕೈಗಿಟ್ಟರು.