ಬಿಟ್ಟುಹೋದ ಸಂಖ್ಯೆಗಳು

ವಿದ್ಯಾರ್ಥಿಯೊಬ್ಬ ಶಾಲೆ ಬಿಟ್ಟುಹೋದರೆ ಅವನ ದಾಖಲಾತಿ ಸಂಖ್ಯೆಯನ್ನು ನಾವು ಹೊಸಬರಿಗೆ ಕೊಡುವುದಿಲ್ಲ. ಕೊಟ್ಟರೆ, ಹತ್ತಾರು ವರ್ಷಗಳ ಮೇಲೆ ಅವನು ಜನ್ಮದಿನಾಂಕದ ದೃಢೀಕರಣಕ್ಕೆ ಬಂದಾಗ ಅಲ್ಲಿ ಬೇರೊಬ್ಬರ ಹೆಸರು ಸಿಕ್ಕೀತು!

ಗಣಕಯಂತ್ರದ ಡೇಟಾಬೇಸಿನಲ್ಲಿಯೂ ಹೀಗೆಯೇ. ಪ್ರತಿಯೊಂದು ಹೊಸ ದಾಖಲೆಗೂ ಅದು ತಾನಾಗಿಯೇ ಮುಂದಿನ ಕ್ರಮಸಂಖ್ಯೆಯನ್ನು ಕೊಡುತ್ತದೆ. ದಾಖಲೆಯನ್ನು ಅಳಿಸಿದರೂ, ಬರೆಯುವ ಕೆಲಸ ಅರ್ಧದಲ್ಲೇ ರದ್ದಾದರೂ ಆ ಸಂಖ್ಯೆ ಸಾಮಾನ್ಯವಾಗಿ ಹಿಂದಿರುಗದು. ಆದ್ದರಿಂದ ನಡುವೆ ತೆರವು ಕಂಡರೆ ಅದು ತಪ್ಪಲ್ಲ. ತುಂಬಲು ಹೋಗುವುದೇ ತಪ್ಪು. ದಾಖಲೆಗಳೆಷ್ಟೆಂದು ತಿಳಿಯಲು ಕೊನೆಯ ಸಂಖ್ಯೆಯನ್ನು ನಂಬದೆ ಎಣಿಸಿಯೇ ನೋಡಬೇಕು.

ಆದರೆ ಸಂಖ್ಯೆಗೂ ಮಿತಿಯುಂಟು. 24 ಬಿಟ್‌ಗಳ ಅಂಕಣದಲ್ಲಿ 1,67,77,215ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸದು. 2006ರ ನವೆಂಬರಿನಲ್ಲಿ ಅಮೆರಿಕದ ಸ್ಲ್ಯಾಶ್‌ಡಾಟ್ ಎಂಬ ಅಂತರಜಾಲ ತಾಣದಲ್ಲಿ ಓದುಗರ ಪ್ರತಿಕ್ರಿಯೆಗಳು ಈ ಗಡಿಯನ್ನು ದಾಟಿದವು. ಕೆಲವು ಗಂಟೆಗಳ ಕಾಲ ಅಲ್ಲಿನ ಚರ್ಚೆಗೆ ಅಡ್ಡಿಯಾಯಿತು. 32 ಬಿಟ್‌ಗಳ ಅಂಕಣವಾಗಿದ್ದರೆ ಋಣಸಂಖ್ಯೆಗಳಿಗೆ ಎಡೆಯಿಡದೆ ಸುಮಾರು 429 ಕೋಟಿಯವರೆಗೆ ಹೋಗಬಹುದಿತ್ತು; 64 ಬಿಟ್‌ಗಳದಾದರೆ ಮುಗಿಯುವ ಭಯವೇ ಇಲ್ಲ.

ಕಣಜ ತುಂಬುವ ಮೊದಲೇ ಇನ್ನೊಂದನ್ನು ಕಟ್ಟುವವನೇ ಜಾಣ ರೈತ. ತೆರವಿಗೆ ಅಂಜದೆ, ಮಿತಿಯ ಮೇಲೆ ಕಣ್ಣಿಟ್ಟು ನಡೆಯುವುದನ್ನು ನಾವೂ ಕಲಿಯೋಣ.